ನಮ್ಮ ಅಡ್ಡಹೆಸರು ಜುವೇಕರ್: ಇದು ಯಾವ ದ್ವೀಪದ ಹೆಸರು?

ಜೂಗದ ಮೊಮ್ಮಗಳು, ಶಿರಸಿ

ಎಲ್ಲರಿಗೂ ನಮಸ್ಕಾರ. ತವರಿನ ಅಡ್ಡಹೆಸರಿನ ಮೂಲ ಹುಡುಕುತ್ತಿದ್ದೇನೆ. ಕರಾವಳಿ ಬಲ್ಲವರು ಇಲ್ಲಿ ಜಾಸ್ತಿ ಜನ ಇದ್ದೀರಿ, ಸ್ವಲ್ಪ ದಾರಿ ತೋರಿಸಿ.

ಮದುವೆಯಾಗಿ ಶಿರಸಿಗೆ ಬಂದು ಇಪ್ಪತ್ತು ವರ್ಷವಾಯಿತು. ತವರು ಕಾರವಾರದ ಕೋಡಿಬಾಗ. ನಮ್ಮ ಅಡ್ಡಹೆಸರು ಜುವೇಕರ್. ಕೊಂಕಣಿಯಲ್ಲಿ ಜುವೆಂ ಅಂದರೆ ನಡುಗಡ್ಡೆ, ಅಷ್ಟು ನನಗೂ ಗೊತ್ತು. ಆದರೆ ಯಾವ ನಡುಗಡ್ಡೆ? ಅಪ್ಪ "ನಾವು ಗೋವಾದಿಂದ ಬಂದವರು" ಅನ್ನುತ್ತಿದ್ದರು. ದೊಡ್ಡಪ್ಪ "ಅಲ್ಲ, ಅಂಜದೀವದವರು" ಅನ್ನುತ್ತಿದ್ದರು, ಅಂದರೆ ಕಾರವಾರದ ಹತ್ತಿರ ಸಮುದ್ರದಲ್ಲಿರುವ ದ್ವೀಪದವರು. ಊಟಕ್ಕೆ ಕೂತಾಗ ಎಷ್ಟೋ ಸಲ ಇದೇ ಮಾತು ನಡೆಯುತ್ತಿತ್ತು. ಈಗ ಇಬ್ಬರೂ ಇಲ್ಲ.

ಹೋದ ತಿಂಗಳು ತವರಿನ ಅಟ್ಟ ಖಾಲಿ ಮಾಡುವಾಗ ಒಂದು ತಾಮ್ರದ ಹಂಡೆ ಸಿಕ್ಕಿತು. ಮಸಿ ಹಿಡಿದು ಕಪ್ಪಾಗಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ದೇವನಾಗರಿ ಅಕ್ಷರಗಳು ಎದ್ದು ಬಂದವು. ಮೊದಲು ಅಜ್ಜನ ಹೆಸರು. ಅದರ ಮುಂದೆ "ಜೂಗಕರ". ಜುವೇಕರ್ ಅಲ್ಲ, ಜೂಗಕರ. ಅಕ್ಷರದ ಮೇಲೆ ಬೆರಳು ಆಡಿಸಿದರೆ "ಗ" ಸ್ಪಷ್ಟವಾಗಿ ಕೈಗೆ ಸಿಗುತ್ತದೆ. ಓದಿದ್ದರಲ್ಲಿ ತಪ್ಪಿಲ್ಲ.

ಕಾರವಾರದ ಕಡೆ ಕಾಳಿ ಹೊಳೆಯ ನಡುಗಡ್ಡೆಗೆ ಜೂಗ ಅನ್ನುತ್ತಾರೆ ಅಲ್ವಾ? ಹಾಗಾದರೆ ನಾವು ಗೋವಾದವರಾ, ಅಂಜದೀವದವರಾ, ಕಾಳಿ ಹೊಳೆಯವರಾ? ಒಂದೇ ಮನೆಗೆ ಎರಡು ಹೆಸರು ಹೇಗೆ ಬಂತು? ಮಗಳು ಶಾಲೆಯ ಪ್ರಾಜೆಕ್ಟಿಗೆ ವಂಶವೃಕ್ಷ ಬರೆಯುತ್ತಿದ್ದಾಳೆ. ಅಜ್ಜನ ಮೇಲೆ ಖಾಲಿ ಬಿಟ್ಟಿದ್ದಾಳೆ. ಆ ಖಾಲಿ ಜಾಗ ನೋಡಿ ನನಗೆ ನಿದ್ದೆ ಬರುತ್ತಿಲ್ಲ.

ಬೈತಖೋಲ ದೋಣಿ

ತಂಗಿ, ಸಮುದ್ರದಲ್ಲಿರುವ ದ್ವೀಪಗಳನ್ನು ಮೊದಲು ಬದಿಗಿಡು. ನಾನು ಹದಿನಾರನೇ ವಯಸ್ಸಿನಿಂದ ಆ ನೀರಿನಲ್ಲೇ ಇದ್ದೇನೆ. ದೇವಗಡದಲ್ಲಿ ಇರುವುದು ದೀಪಸ್ತಂಭ, 1864ರದ್ದು. ಕೂರ್ಮಗಡಕ್ಕೆ ಪುಷ್ಯ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ ಅಂತ ಹೋಗುತ್ತೇವೆ, ಸಂಜೆಗೆ ವಾಪಸು ಬರುತ್ತೇವೆ. ಅಡ್ಡಹೆಸರು ಹುಟ್ಟಬೇಕು ಅಂದರೆ ಅಲ್ಲಿ ಗದ್ದೆ ಬೇಕು, ಬಾವಿ ಬೇಕು, ನಾಲ್ಕು ತಲೆಮಾರು ಬಾಳಿರಬೇಕು. ಸಮುದ್ರದ ಕಡೆ ಹಾಗೆ ಜನ ವಾಸವಿದ್ದದ್ದು ಅಂದರೆ ಅಂಜದೀವ ಒಂದೇ ನನಗೆ ಹೊಳೆಯುವುದು.

ಇನ್ನೊಂದು ಮಾತು. ಎಲ್ಲ ಅಡ್ಡಹೆಸರೂ ಊರಿನಿಂದ ಬರುವುದಿಲ್ಲ. ನಮ್ಮಲ್ಲಿ ತಾಂಡೇಲ ಅಂದರೆ ದೋಣಿಯ ಮುಖ್ಯಸ್ಥ. ಯಾವನೋ ಒಬ್ಬ ಹಿರಿಯ ಮಾಡಿದ ಕೆಲಸ ಇವತ್ತು ಬ್ಯಾಂಕಿನಲ್ಲಿ ಕೂತಿರುವ ಮೊಮ್ಮಗನ ಹೆಸರಿನ ಹಿಂದೆ ಇದೆ. ಆದರೆ "ಕರ್" ಅಂತ ಕೊನೆಯಾದರೆ ಹೆಚ್ಚಾಗಿ ಊರೇ. ಅಂಕೋಲೇಕರ್, ಮಾಜಾಳಿಕರ್, ಕಡವಾಡಕರ್ ಇದ್ದ ಹಾಗೆ.

ಮಡಗಾಂವಿನಿಂದ

ನಾನು ಮೂಲ ಅಂಕೋಲೆಯವನು, ಕೆಲಸಕ್ಕೆ ಮಡಗಾಂವಿನಲ್ಲಿದ್ದೇನೆ. ಗೋವಾದ ಕಡೆಯದ್ದು ಹೇಳುತ್ತೇನೆ.

ಮಾಂಡವಿ ನದಿಯಲ್ಲಿ ಹತ್ತಿರ ಹತ್ತಿರ ಮೂರು ದೊಡ್ಡ ದ್ವೀಪಗಳಿವೆ: ದಿವಾಡಿ, ಚೋಡಣ, ಜುವೆಂ. ಮೂರನೆಯದನ್ನು ಕಾಗದದಲ್ಲಿ ಸಾಂತ್ ಎಸ್ತೆವಾಂ ಅಂತ ಬರೆಯುತ್ತಾರೆ. ಜನರ ಬಾಯಲ್ಲಿ ಮಾತ್ರ ಜುವೆಂ. ಏಳು ಏಣಿನ ಬೆಂಡೆಕಾಯಿ ಅಲ್ಲಿಯದೇ, ಮಾರ್ಕೆಟ್ಟಿನಲ್ಲಿ ಆ ಹೆಸರು ಹೇಳಿಯೇ ಮಾರುತ್ತಾರೆ. ಚೋಡಣದಿಂದ ಬಂದವರು ಚೋಡಣಕರ್ ಆದ ಹಾಗೆ ಜುವೆಂನವರು ಜುವೇಕರ್ ಆಗಿರಬಹುದು.

ಅಲ್ಲಿಂದ ದಕ್ಷಿಣಕ್ಕೆ ಜನ ಬಂದದ್ದಕ್ಕೂ ಕಾರಣ ಇದೆ. ಆ ಭಾಗ 1510ರಲ್ಲೇ ಪೋರ್ಚುಗೀಸರ ಕೈಗೆ ಹೋಯಿತು. ಆಮೇಲೆ ಗುಡಿಗಳು ಬಿದ್ದವು, 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮ ವಿಚಾರಣೆ, ಶುರುವಾಯಿತು. ಜನ ದೇವರನ್ನು ಹೊತ್ತು ಹೊಳೆ ದಾಟಿದರು. ದಿವಾಡಿಯ ಸಪ್ತಕೋಟೇಶ್ವರ ಆಚೆ ದಡದ ನಾರ್ವೆಗೆ ಬಂದ. ಆ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಕಾರವಾರ, ಅಂಕೋಲ, ಕುಮಟಾದ ಎಷ್ಟೋ ಮನೆಯವರು ಇವತ್ತಿಗೂ ಕುಲದೇವರಿಗೆ ಅಂತ ಗೋವಾದ ಮಂಗೇಶಿ, ಮಾರ್ದೋಳ, ಕವಳೆಗೆ ಹೋಗುವುದು ಇದೇ ಕಾರಣಕ್ಕೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ನಿಮ್ಮ ಕುಲದೇವರು ಎಲ್ಲಿ? ಮನೆಯ ಮದುವೆಯ ಮೊದಲ ಕಾಗದ ಯಾವ ಗುಡಿಗೆ ಹೋಗುತ್ತದೆ?

ಅಂದ ಹಾಗೆ ಜುವೆಂ, ಜೂಗ ಎರಡೂ ಒಂದೇ ಪದದ ಎರಡು ಉಚ್ಚಾರ ಅಂತ ನನಗೆ ಅನ್ನಿಸುತ್ತದೆ. ಗೋವಾದ ಬಾಯಿ ಒಂದು, ಕಾಳಿ ದಡದ ಬಾಯಿ ಇನ್ನೊಂದು.

ಜೂಗದ ಮೊಮ್ಮಗಳು, ಶಿರಸಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಗೋವಾದ ಯಾವ ಗುಡಿಗೂ ನಾವು ಹರಕೆ ಒಪ್ಪಿಸಿದ್ದು ನನಗೆ ನೆನಪಿಲ್ಲ. ಮಂಗೇಶಿಗೆ ಹೋಗಿದ್ದೇವೆ, ಆದರೆ ಎಲ್ಲರೂ ಹೋಗುವ ಹಾಗೆ, ಪ್ರವಾಸಕ್ಕೆ. ಮದುವೆಯ ಮೊದಲ ಕಾಗದ ಹೋಗುವುದು ಹಳಗೆಜೂಗದ ಗ್ರಾಮದೇವತೆಗೆ. ವರ್ಷಕ್ಕೊಮ್ಮೆ ತೆಂಗಿನಕಾಯಿ ಕೊಡಲು ಹೋಗುತ್ತೇವೆ. ಅಲ್ಲಿ ಗಾಂವಕರ ಅಂತ ಒಂದು ಮನೆ ಇದೆ, ಅಲ್ಲೇ ನಮಗೆ ಊಟ. ನಾವು ಅವರನ್ನು ಜೂಗದ ಮನೆಯವರು ಅನ್ನುತ್ತೇವೆ. ಅವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಮಗೂ ಹತ್ತು ದಿನ ಸೂತಕ. ಹಳೆಯ ಸಂಬಂಧ ಇರಬೇಕು.

ಹಳಬ 72

ಕದಂಬರಿಗೆ ದೊಡ್ಡ ನೌಕಾಪಡೆ ಇತ್ತು. ಜುವೇಕರ್, ದಿವೇಕರ್ ಇವರೆಲ್ಲ ಆ ಪಡೆಯ ಅಧಿಕಾರಿಗಳ ವಂಶದವರು. ನಮ್ಮ ಸಮಾಜದ ಗ್ರೂಪಿನಲ್ಲಿ ಇದರ ಬಗ್ಗೆ ಪೂರ್ತಿ ಮಾಹಿತಿ ಬಂದಿದೆ, ಕಳಿಸುತ್ತೇನೆ.

ಹೊನ್ನಾವರದ ಮೇಷ್ಟ್ರು

ಹಳಬರೇ, ಗೋವಾ ಕದಂಬರಿಗೆ ಹಡಗುಗಳ ಬಲ ಇತ್ತು ಅನ್ನುವುದು ನಿಜ, ಅದಕ್ಕೆ ಶಾಸನಗಳಿವೆ. ಆದರೆ ಆ ಕಾಲಕ್ಕೂ ಈ ಅಕ್ಕನ ಅಜ್ಜನಿಗೂ ನಡುವೆ ಆರುನೂರಕ್ಕೂ ಜಾಸ್ತಿ ವರ್ಷದ ಅಂತರ. ಆ ಅಂತರ ದಾಟಿಸುವ ಒಂದು ಕಾಗದವಾದರೂ ಬೇಕು. ಗ್ರೂಪಿನಲ್ಲಿ ಬಂದದ್ದರಲ್ಲಿ ಅಂಥದ್ದು ಇದ್ದರೆ ಖಂಡಿತ ಕಳಿಸಿ, ನಾನೇ ಕೂತು ಓದುತ್ತೇನೆ. ಇಲ್ಲದಿದ್ದರೆ ಈಗಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗೋಣ. ಮೇಲಿನಿಂದ ಕೆಳಕ್ಕೆ ಇಳಿದರೆ ಎಲ್ಲರೂ ರಾಜರ ಮನೆಯವರೇ ಆಗುತ್ತಾರೆ.

ಈಗ ಅಕ್ಕನಿಗೆ. ನಾನು ಶರಾವತಿಯ ಮಾವಿನಕುರ್ವೆಯಲ್ಲಿ ಹುಟ್ಟಿದವನು. ನಮ್ಮ ಕಡೆ ಹೊಳೆಯ ನಡುಗಡ್ಡೆಗೆ ಕುರ್ವೆ ಅನ್ನುತ್ತಾರೆ. ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ. ದಕ್ಷಿಣಕ್ಕೆ ಹೋದರೆ ಇದೇ ಕುದ್ರು ಆಗುತ್ತದೆ. ಕಾಳಿಗೆ ಬಂದರೆ ಜೂಗ. ಹೊಳೆ ಬದಲಾದ ಹಾಗೆ ಪದ ಬದಲಾಗುತ್ತದೆ.

ಚಿಕ್ಕವನಿದ್ದಾಗ ನಾನು ಕುರ್ವೆಯವನು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕುರ್ವೆಯಲ್ಲಿ ನಾವು ಹೊಳೆಬದಿ ಮನೆಯವರು. ಪಕ್ಕದವರು ಹಿತ್ತಲಮನೆಯವರು. ಇನ್ನೊಬ್ಬರು ದೊಡ್ಡಬಾವಿಯವರು. ಎಲ್ಲರೂ ಇರುವುದು ಕುರ್ವೆಯಲ್ಲೇ ಆದಾಗ ಯಾರನ್ನು ಕುರ್ವೆಯವರು ಅಂತ ಕರೆಯುವುದು? ಹೈಸ್ಕೂಲಿಗೆ ಹೊನ್ನಾವರಕ್ಕೆ ದೋಣಿಯಲ್ಲಿ ಹೋದ ಮೊದಲ ದಿನ, ಒದ್ದೆ ಚಡ್ಡಿಯಲ್ಲಿ ಕ್ಲಾಸಿನ ಬಾಗಿಲಲ್ಲಿ ನಿಂತೆ. ಹಿಂದಿನ ಬೆಂಚಿನವನೊಬ್ಬ "ಕುರ್ವೆ ಬಂತು" ಅಂದ. ಆವತ್ತಿನಿಂದ ನಾನು ಕುರ್ವೆ. ನನ್ನ ಅಕ್ಕನನ್ನು ಪೇಟೆಗೆ ಮದುವೆ ಮಾಡಿ ಕೊಟ್ಟರು. ಅವಳು ಅಲ್ಲಿಯ ಮಕ್ಕಳಿಗೆಲ್ಲ ಕುರ್ವೆ ಅತ್ತೆ ಆದಳು.

ಅಂದರೆ ದ್ವೀಪದ ಹೆಸರು ದ್ವೀಪದಲ್ಲಿ ಇದ್ದವರಿಗೆ ಹತ್ತುವುದಿಲ್ಲ, ಬಿಟ್ಟು ಬಂದವರಿಗೆ ಹತ್ತುತ್ತದೆ. ಇಡುವವರು ಆಚೆ ದಡದವರು. ಹಾಗಾಗಿ ನಿಮ್ಮ ಅಡ್ಡಹೆಸರು ಕೇಳುತ್ತಿರುವ ಪ್ರಶ್ನೆ "ಎಲ್ಲಿಯವರು" ಅಂತ ಮಾತ್ರ ಅಲ್ಲ, "ಯಾವಾಗ ಹೊರಟಿರಿ" ಅಂತ.

ಇನ್ನೊಂದು. ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಜೂಗದ ಗಾಂವಕರ ಮನೆಯಲ್ಲಿ ಸಾವಾದರೆ ನಿಮಗೆ ಹತ್ತು ದಿನ ಸೂತಕ ಅಂದಿರಿ. ಅಕ್ಕ, ಹಳೆಯ ಸ್ನೇಹಕ್ಕೆ ಸೂತಕ ಬರುವುದಿಲ್ಲ. ಪಕ್ಕದ ಮನೆಗೂ ಬರುವುದಿಲ್ಲ. ಹತ್ತು ದಿನ ಅಂದರೆ ದಾಯಾದಿಗಳು, ಗಂಡುಮಕ್ಕಳ ಕಡೆಯ ರಕ್ತ. ಅಡ್ಡಹೆಸರು ಬೇರೆಯಾದರೂ ಅವರು ನಿಮ್ಮವರೇ. ಮೊದಲು ಆ ಮನೆಗೆ ಹೋಗಿ.

ಮಡಗಾಂವಿನಿಂದ

ಮೇಷ್ಟ್ರು ಹೇಳಿದ್ದು ಸರಿ ಇದೆ. ನನ್ನ ಗೋವಾದ ದಾರಿ ಇಲ್ಲಿ ತೆಳುವಾಯಿತು. ಕುಲದೇವರು ಗೋವಾದಲ್ಲಿ ಇಲ್ಲ ಅಂದ ಮಾತ್ರಕ್ಕೆ ಗೋವಾ ಮೂಲ ಇಲ್ಲವೇ ಇಲ್ಲ ಅನ್ನಲಾಗದು. ಆದರೆ ಹಂಡೆಯ ಮೇಲೆ "ಜೂಗ" ಅಂತ ಇದೆ, ಮೊದಲ ಕಾಗದ ಜೂಗಕ್ಕೆ ಹೋಗುತ್ತದೆ, ಸೂತಕವೂ ಜೂಗದ್ದೇ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಆ ಜೂಗಗಳ ಹೆಸರನ್ನೂ ಒಮ್ಮೆ ನೋಡಿ. ಹಳಗಾ ಎದುರಿನದು ಹಳಗೆಜೂಗ. ಖಾರ್ಗಾ ಕಡೆಯದು ಖಾರ್ಗೆಜೂಗ. ದ್ವೀಪಕ್ಕೂ ಹೆಸರು ಬಂದದ್ದು ಎದುರು ದಡದಿಂದಲೇ. ಉಂಬಳೆಜೂಗ ಮಾತ್ರ ಉಂಬಳಿ ಭೂಮಿಯಿಂದ (ಇನಾಮಾಗಿ ಕೊಟ್ಟ ಜಮೀನು) ಬಂದಿರಬಹುದು ಅಂತ ನನ್ನ ಊಹೆ.

ಬಿಣಗಾ ಮನೆ

ಅಂಜದೀವದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಅಜ್ಜಿಯ ತಾಯಿ ಆ ದ್ವೀಪದಲ್ಲಿ ಹುಟ್ಟಿದವರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ.

ನಮ್ಮ ಅಡ್ಡಹೆಸರು ಫೆರ್ನಾಂಡಿಸ್. ಅದರಿಂದ ಊರು ಹುಡುಕಲು ಆಗುವುದೇ ಇಲ್ಲ. ಪೋರ್ಚುಗೀಸಿನಲ್ಲಿ ಫೆರ್ನಾಂಡಿಸ್ ಅಂದರೆ ಫೆರ್ನಾಂಡೋನ ಮಗ, ರೊಡ್ರಿಗಿಸ್ ಅಂದರೆ ರೊಡ್ರಿಗೋನ ಮಗ. ಜ್ಞಾನಸ್ನಾನದ ದಿನ ಪಾದ್ರಿಯದ್ದೋ ಧರ್ಮಪಿತನದ್ದೋ ಹೆಸರು ಬಂತು, ಅದೇ ಉಳಿಯಿತು. ಈ ರೀತಿ ಹೆಸರು ಬಂದದ್ದಕ್ಕೆ ದೊಡ್ಡ ಸಾಕ್ಷಿ ಅಂಜದೀವದಲ್ಲೇ ಇದೆ. 1498ರಲ್ಲಿ ವಾಸ್ಕೋ ಡ ಗಾಮಾ ವಾಪಸು ಹೋಗುವಾಗ ಅಲ್ಲಿ ಹಡಗು ನಿಲ್ಲಿಸಿದ್ದ. ಆಗ ಬಿಜಾಪುರದ ಕಡೆಯ ಸೇವೆಯಲ್ಲಿದ್ದ ಒಬ್ಬ ಯಹೂದಿ ಹಡಗಿಗೆ ಬಂದ. ಅವನನ್ನು ಬೇಹುಗಾರ ಅಂತ ಹಿಡಿದರು, ಜೊತೆಗೆ ಕರೆದುಕೊಂಡು ಹೋದರು. ಜ್ಞಾನಸ್ನಾನ ಆದ ಮೇಲೆ ಅವನ ಹೆಸರು ಗಾಸ್ಪರ್ ಡ ಗಾಮಾ. ಹಿಡಿದವನ ಅಡ್ಡಹೆಸರೇ ಹಿಡಿಸಿಕೊಂಡವನಿಗೂ ಬಂತು.

ನಿಮ್ಮ ದೊಡ್ಡಪ್ಪ ಅಂಜದೀವ ಅಂದದ್ದಕ್ಕೆ ಒಂದು ಕಾರಣ ಇರಬಹುದು. ಅಂಕೋಲೆಯ ಆರ್ಯಾದುರ್ಗಾ ದೇವಿ ಮೊದಲು ಅಂಜದೀವದಲ್ಲಿದ್ದಳು ಅನ್ನುವ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ದ್ವೀಪ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಅದೇ. ಆದರೆ ಆ ದ್ವೀಪದ ಮೂಲವಾದರೆ ಹೆಸರು ದಿವಕರ್ ಅಂತ ಆಗಬೇಕಿತ್ತು. ನಮ್ಮ ಹಿರಿಯರು ಅದನ್ನು ಬರೀ "ದಿವ" ಅನ್ನುತ್ತಿದ್ದರು.

ಅಲ್ಲಿಯ ಮೂಲದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿಷಯ ತಿಳಿದುಕೊಳ್ಳಿ. ಬಿಣಗಾದಿಂದ ಕಣ್ಣಿಗೆ ಕಾಣುವ ಆ ದ್ವೀಪ 1961ರ ಡಿಸೆಂಬರಿನವರೆಗೂ ಪೋರ್ಚುಗಲ್‌ನದ್ದು. ಅದನ್ನು ತೆಗೆದುಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಈಗಲೂ ಅದು ಗೋವಾದ ಕಾಣಕೋಣ ತಾಲ್ಲೂಕಿಗೆ ಸೇರಿದ್ದು. ಹಾಗಾಗಿ ಹಳೆಯ ಕಾಗದ ಹುಡುಕಬೇಕಾದ್ದು ಪಣಜಿಯ ಪುರಾಭಿಲೇಖಾಗಾರದಲ್ಲಿ, ಕಾರವಾರದಲ್ಲಲ್ಲ. ಫೆಬ್ರವರಿ 2ರ ಬ್ರೋತಾಸ್ ಮಾತೆಯ ಹಬ್ಬಕ್ಕೆ ಹಿಂದೆ ದೋಣಿಯಲ್ಲಿ ಹೋಗುತ್ತಿದ್ದರಂತೆ. ಈಗ ದ್ವೀಪ ನೌಕಾನೆಲೆಯ ಒಳಗಿದೆ. ನಾನು ದಡದಿಂದ ನೋಡಿದ್ದೇನೆ, ಅಷ್ಟೇ.

ಅರ್ಗಾದವರು

ಬಿಣಗಾ ಅಕ್ಕ, ನಿಮ್ಮ ಕೊನೆಯ ಸಾಲು ಓದಿ ಕಣ್ಣು ತುಂಬಿತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದಾಗ ನಾನು ಆರನೇ ಕ್ಲಾಸು. ನಮ್ಮ ಮನೆ, ಗದ್ದೆ, ತೆಂಗು ಎಲ್ಲ ಅದರಲ್ಲಿ ಹೋಯಿತು. ಈಗ ನಾವಿರುವ ಕಾಲೊನಿಯಲ್ಲಿ ನಮ್ಮನ್ನು "ಅರ್ಗಾದವರು" ಅನ್ನುತ್ತಾರೆ. ಅರ್ಗಾದಲ್ಲಿ ಇದ್ದಾಗ ಯಾರೂ ಹಾಗೆ ಕರೆದಿರಲಿಲ್ಲ. ಮೇಷ್ಟ್ರು ಹೇಳಿದ್ದು ನಮ್ಮ ಮನೆಯ ಕಥೆ.

ಶಿರಸಿ ಕಡತ

ನಾನು ಕಂದಾಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಈಗ ನಿವೃತ್ತ. ಎಲ್ಲಿ ಏನು ಹುಡುಕಬೇಕು ಅನ್ನುವುದನ್ನು ಹೇಳುತ್ತೇನಮ್ಮ.

ಮೊದಲು ತಿಳಿಯಬೇಕಾದ್ದು, ನಮ್ಮ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ರವರೆಗೆ ಅಲ್ಲೇ ಇತ್ತು. ಹಾಗಾಗಿ ಕಾರವಾರದ ಹಳೆಯ ಕಾಗದಗಳಲ್ಲಿ ಮರಾಠಿ ಜಾಸ್ತಿ, ಕೆಲವು ಮೋಡಿ ಅಕ್ಷರದಲ್ಲೂ (ಮರಾಠಿಯ ಹಳೆಯ ಕೂಡುಬರಹ) ಇವೆ. ಬರೆಯುವ ಗುಮಾಸ್ತ ಯಾವ ಊರಿನವನೋ ಆ ಊರಿನ ಉಚ್ಚಾರದ ಹಾಗೆ ಹೆಸರು ಬರೆದ. ಒಂದೇ ಮನುಷ್ಯನ ಹೆಸರನ್ನು ಮೂರು ಕಡತದಲ್ಲಿ ಮೂರು ರೀತಿ ಬರೆದದ್ದು ನಾನೇ ನೋಡಿದ್ದೇನೆ. ಅಕ್ಷರ ಬದಲಾಯಿತು ಅಂತ ಮನುಷ್ಯ ಬೇರೆ ಅಂದುಕೊಳ್ಳಬೇಡಿ. ಹೆಸರಿಗಿಂತ ಸರ್ವೆ ನಂಬರು ಗಟ್ಟಿ.

ಪಹಣಿಯಿಂದ ಶುರು ಮಾಡಿ. ಅಲ್ಲಿಂದ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು ಹಿಡಿದು ಹಿಂದಕ್ಕೆ ಹೋಗಿ. ತಂದೆ ತೀರಿಕೊಂಡು ಮಕ್ಕಳ ಹೆಸರು ಸೇರುವಾಗ ವಾರಸುದಾರರ ಹೆಸರೆಲ್ಲ ಬರೆದಿರುತ್ತಾರೆ. ನಿಜವಾದ ವಂಶವೃಕ್ಷ ಅಲ್ಲೇ ಇರುವುದು.

ಆದರೆ ನಿಮ್ಮವರು ಗೇಣಿದಾರರಾಗಿದ್ದರೆ ಹಳೆಯ ಪಹಣಿಯಲ್ಲಿ ಒಡೆಯನ ಹೆಸರೇ ಮುಂದಿರುತ್ತದೆ. ಮೂಲಗೇಣಿಯವರ (ಕಾಯಂ ಗೇಣಿದಾರರು) ಹೆಸರು ಕೆಲವೊಮ್ಮೆ ಸಿಗುತ್ತದೆ, ಚಾಲಗೇಣಿಯವರದ್ದು (ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿದಾರರು) ಸಿಗುವುದು ಕಷ್ಟ. ಅಂಥವರಿಗೆ ಬಂಗಾರದಂಥ ಕಾಗದ ಒಂದಿದೆ: ಫಾರಂ ನಂಬರ್ 7. 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ಮೇಲೆ "ನಾನು ಈ ಗದ್ದೆಯ ಗೇಣಿದಾರ" ಅಂತ ಉಳುವವರು ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿ ಅವರ ಹೇಳಿಕೆ ಬರೆದುಕೊಂಡಿತು. ಎಷ್ಟು ವರ್ಷದಿಂದ ಉಳುತ್ತಿದ್ದೀರಿ, ಅಪ್ಪ ಯಾರು, ಅಣ್ಣತಮ್ಮಂದಿರು ಎಲ್ಲಿದ್ದಾರೆ, ಎಲ್ಲ ಕೇಳಿದರು. ಯಾವತ್ತೂ ಯಾರೂ ಬರೆದುಕೊಳ್ಳದ ಜನರ ಮಾತು ಮೊದಲ ಸಲ ಕಾಗದಕ್ಕೆ ಇಳಿದದ್ದು ಆಗ. ಆ ಹೇಳಿಕೆಗಳನ್ನು ಓದುತ್ತಾ ನಾನು ಊಟ ಮರೆತದ್ದುಂಟು.

ಅಜ್ಜ ಓದಿದ ಶಾಲೆಯ ದಾಖಲಾತಿ ಪುಸ್ತಕವನ್ನೂ ಬಿಡಬೇಡಿ. ಮುಂಬೈ ಸರ್ಕಾರ 1883ರಲ್ಲಿ ತಂದ ಕಾನಡಾ ಜಿಲ್ಲೆಯ ಗೆಝೆಟಿಯರ್ ಎರಡು ಭಾಗ ಇದೆ. ಅದರಲ್ಲಿ ಊರು, ಹೊಳೆ, ದ್ವೀಪಗಳ ವಿವರ ಸಿಗುತ್ತದೆ. ನಿಮ್ಮ ಮನೆಯ ಹೆಸರು ಸಿಗುವುದಿಲ್ಲ.

ಜೂಗದ ಮೊಮ್ಮಗಳು, ಶಿರಸಿ

ಐದು ವಾರದ ನಂತರ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೇಷ್ಟ್ರು ಹೇಳಿದ ಹಾಗೆ ಮೊದಲು ಹಳಗೆಜೂಗಕ್ಕೆ ಹೋದೆ. ಮಗಳನ್ನೂ ಕರೆದುಕೊಂಡು ಹೋದೆ. ಗಾಂವಕರ ಮನೆಯ ದೊಡ್ಡವರಿಗೆ ಎಂಬತ್ತು ದಾಟಿದೆ. ನಾನು ಅವರನ್ನು ಬಾಬಾ ಅನ್ನುತ್ತೇನೆ. ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಹಂಡೆಯ ಫೋಟೋ ತೋರಿಸಿದೆ. ಫೋನನ್ನು ಕಣ್ಣ ಹತ್ತಿರ ತಂದು ನೋಡಿದರು. "ಇದು ನಮ್ಮ ಚಿಕ್ಕಪ್ಪನ ಹಂಡೆ" ಅಂದರು. ಅಷ್ಟು ಸರಳವಾಗಿ. ನನ್ನ ಅಜ್ಜ ಅವರ ಅಪ್ಪನ ಸ್ವಂತ ತಮ್ಮ. ನನ್ನ ಜೀವನದಲ್ಲಿ ನಲವತ್ತು ಸಲ ಆ ಮನೆಯಲ್ಲಿ ಊಟ ಮಾಡಿದ್ದೇನೆ. ಒಂದು ಸಲವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತೇ ಇದೆ ಅಂತ ಅವರು ಅಂದುಕೊಂಡಿದ್ದರು.

"ಹಾಗಾದರೆ ನಾವೂ ಗಾಂವಕರಾ?" ಅಂತ ಮಗಳು ಕೇಳಿದಳು. "ಮತ್ತೇನು" ಅಂದರು ಬಾಬಾ.

ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. 2019ರ ಆಗಸ್ಟಿನ ನೆರೆಯಲ್ಲಿ ಅದು ಎರಡು ದಿನ ನೀರಿನಲ್ಲಿ ನಿಂತಿತ್ತಂತೆ. ಕೆಳಗಿನ ಕಾಗದಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಾಗೆ ಗಟ್ಟಿಯಾಗಿವೆ. ಬಿಡಿಸಲು ಹೋದರೆ ಪುಡಿ. ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿದ್ದವು ಮಾತ್ರ ಉಳಿದಿವೆ. ಅದರಲ್ಲಿ ಫಾರಂ 7ರ ನಕಲು ಇತ್ತು! ಜೊತೆಗೆ ಮೂರು ಪುಟದ ಹೇಳಿಕೆ. ಕಡತ ಸರ್, ನಿಮ್ಮನ್ನು ಆಗ ನೆನೆದೆ.

ಅರ್ಜಿದಾರ ಬಾಬಾ ಅವರ ಅಪ್ಪ. ಅಡ್ಡಹೆಸರು ಗಾಂವಕರ. ಗದ್ದೆ, ಉಪ್ಪುನೀರಿನ ಗಜನಿ, ಹನ್ನೆರಡು ತೆಂಗಿನಮರ. ಎರಡನೇ ಪುಟದಲ್ಲಿ ಒಂದು ಸಾಲು: "ನನ್ನ ತಮ್ಮ ಸದ್ಯ ಕಾರವಾರ ಪೇಟೆಯಲ್ಲಿದ್ದು ಜೂಗಕರ ಎಂಬ ಹೆಸರಿನಿಂದ ಇರುತ್ತಾನೆ, ಸದರಿ ಜಮೀನಿನಲ್ಲಿ ಅವನ ತಕರಾರು ಇಲ್ಲ." ಕೆಳಗೆ ಹೆಬ್ಬೆಟ್ಟು. ಒಂದೇ ಕಾಗದದಲ್ಲಿ ಒಬ್ಬನೇ ಅಪ್ಪ, ಇಬ್ಬರು ಮಕ್ಕಳು, ಎರಡು ಅಡ್ಡಹೆಸರು.

ಆಮೇಲೆ ಅಜ್ಜ ಓದಿದ ಪೇಟೆಯ ಶಾಲೆಗೆ ಹೋದೆ. ಅಲ್ಲಿಯ ಮೇಡಂ ತುಂಬಾ ಒಳ್ಳೆಯವರು. ಹಳೆಯ ದಾಖಲಾತಿ ಪುಸ್ತಕ ತೆಗೆದು, ಸೀರೆ ಸೆರಗಿನಿಂದ ಧೂಳು ಒರೆಸಿ ಎದುರಿಗೆ ಇಟ್ಟರು. ಮರಾಠಿಯಲ್ಲಿ 1921ನೇ ಇಸವಿಯ ಸಾಲಿನಲ್ಲಿ ಅಜ್ಜನ ಹೆಸರು ಸಿಕ್ಕಿತು. ಅಡ್ಡಹೆಸರಿನ ಜಾಗದಲ್ಲಿ ಮೊದಲು "ಗಾಂವ" ಅಂತ ಬರೆದು ಹೊಡೆದು ಹಾಕಿದ್ದಾರೆ. ಪಕ್ಕದಲ್ಲಿ "ಜೂಗಕರ". ಅದೇ ಪುಟದಲ್ಲಿ ಬೇರೆ ಬೇರೆ ಊರಿನ ಗಾಂವಕರ ಹುಡುಗರು ಇನ್ನೂ ಐದು ಜನ ಇದ್ದಾರೆ. ಬೇರೆ ಮಾಡಿ ಗುರುತಿಸಲು ಮಾಸ್ತರರು ಹಾಗೆ ಬರೆದಿರಬೇಕು. ಹನ್ನೆರಡು ವರ್ಷದ ಹುಡುಗ, ಕಾಳಿ ದಾಟಿ ಬಂದವನು. ಆ ಹೊಡೆದು ಹಾಕಿದ ಎರಡು ಅಕ್ಷರದ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತೆ.

ಇನ್ನು ಜುವೇಕರ್ ಹೇಗೆ ಬಂತು? ಇದಕ್ಕೆ ಉತ್ತರ ಸೋದರತ್ತೆ ಕೊಟ್ಟರು. ಅಜ್ಜ ಆಗಬೋಟಿನಲ್ಲಿ (ಉಗಿ ಹಡಗು) ಮುಂಬೈಗೆ ಹೋಗಿ ಹದಿನಾಲ್ಕು ವರ್ಷ ಗಿರಗಾಂವಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆದವರು. ಅ‍ತ್ತೆ ಹುಟ್ಟಿದ್ದೂ ಅಲ್ಲೇ ಚಾಳಿನಲ್ಲಿ. ಅಂಗಡಿಯವರಿಗೆ ಜೂಗ ಅಂದರೆ ಗೊತ್ತಾಗುತ್ತಿರಲಿಲ್ಲ. ಏನು ಹಾಗಂದರೆ ಅಂತ ಕೇಳಿದಾಗ ಅಜ್ಜ ಅರ್ಥ ಹೇಳಿದರು. "ಓ, ಜುವೆಂ! ಹಾಗಾದರೆ ಜುವೇಕರ್" ಅಂತ ಪಗಾರದ ಪುಸ್ತಕದಲ್ಲಿ ಬರೆದುಕೊಂಡರು. ವಾಪಸು ಬಂದ ಮೇಲೆ ಅಪ್ಪನನ್ನು, ದೊಡ್ಡಪ್ಪನನ್ನು ಶಾಲೆಗೆ ಸೇರಿಸುವಾಗ ಅದೇ ಹೆಸರು ಬರೆಸಿದರು. ಹಂಡೆ ಮಾತ್ರ ಮುಂಬೈಗೆ ಹೋಗುವ ಮೊದಲು, ಮದುವೆಯಲ್ಲಿ ಬಂದದ್ದು. ಅದಕ್ಕೇ ಅದರಲ್ಲಿ ಜೂಗಕರ. ಊರಿನವರ ಬಾಯಲ್ಲೂ ಅಜ್ಜ ಕೊನೆಯವರೆಗೂ ಜೂಗಕರನೇ.

ಜೂಗದಲ್ಲಿ ಗಾಂವಕರ, ಕಾರವಾರದಲ್ಲಿ ಜೂಗಕರ, ಮುಂಬೈಯಲ್ಲಿ ಜುವೇಕರ್. ಪ್ರತಿ ಸಲ ನೀರು ದಾಟಿದಾಗ ಹೊಸ ಹೆಸರು.

ಮಗಳು ವಂಶವೃಕ್ಷ ತುಂಬಿಸಿದ್ದಾಳೆ. ಅಜ್ಜನ ಮೇಲೆ ಇನ್ನೂ ಎರಡು ತಲೆಮಾರು ಬಂದವು, ಬಾಬಾ ಬಾಯಲ್ಲೇ ಹೇಳಿದರು. ಮೂರು ಹೆಸರಿಗೆ ಮೂರು ಬಣ್ಣದ ಪೆನ್ಸಿಲ್ ಹಾಕಿದ್ದಾಳೆ.

ಶಿರಸಿ ಕಡತ

ಬಹಳ ಸಂತೋಷವಾಯಿತಮ್ಮ. ಆ ಫಾರಂ ಮತ್ತು ಹೇಳಿಕೆಯನ್ನು ಈಗಲೇ ಸ್ಕ್ಯಾನ್ ಮಾಡಿಸಿ, ಮೂರು ಮನೆಯಲ್ಲಿ ಒಂದೊಂದು ಪ್ರತಿ ಇಡಿ. ಅಂಟಿಕೊಂಡ ಕಾಗದಗಳನ್ನು ಬಿಸಿಲಿಗೆ ಹಾಕಬೇಡಿ, ಬಿಡಿಸಲೂ ಹೋಗಬೇಡಿ. ಹಾಗೇ ತೆಳು ಬಟ್ಟೆಯಲ್ಲಿ ಸುತ್ತಿ ಇಡಿ. ಹಸ್ತಪ್ರತಿ ಸಂರಕ್ಷಣೆ ಬಲ್ಲವರಿಗೆ ಒಮ್ಮೆ ತೋರಿಸಿ.

ಹೊನ್ನಾವರದ ಮೇಷ್ಟ್ರು

ಅಕ್ಕ, ಬಾಬಾ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೀರಾ? ಮಾಡಿಲ್ಲದಿದ್ದರೆ ಈ ಭಾನುವಾರವೇ ಹೋಗಿ. ಜೂಗದಲ್ಲಿ ಯಾವ ಗದ್ದೆಗೆ ಏನು ಹೆಸರು, ಯಾವ ಕಟ್ಟೆ ಯಾರು ಕಟ್ಟಿದ್ದು, ದೋಣಿ ಎಲ್ಲಿ ನಿಲ್ಲುತ್ತಿತ್ತು, ಎಲ್ಲ ಕೇಳಿ. ನನ್ನ ಅಪ್ಪನನ್ನು ನಾನು ಕೇಳಲಿಲ್ಲ. ದೊಡ್ಡಬಾವಿ ಮನೆಯವರ ಆ ಬಾವಿ ಎಲ್ಲಿತ್ತು ಅಂತ ಹೇಳುವವರು ಇವತ್ತು ಮಾವಿನಕುರ್ವೆಯಲ್ಲಿ ಯಾರೂ ಇಲ್ಲ.

ಠಾಣೆ ಜುವೇಕರ್

ನಮಸ್ಕಾರ. ಯಾರೋ ಈ ಚರ್ಚೆಯನ್ನು ನನಗೆ ಕಳಿಸಿದರು. ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಕ್ಷಮಿಸಿ. ನಾವೂ ಜುವೇಕರ್. ನಮ್ಮ ಅಜ್ಜ ಉಂಬಳೆಜೂಗದಿಂದ ಮುಂಬೈಗೆ ಬಂದವರು. ಅವರೂ ಗಿರಗಾಂವಿನಲ್ಲಿ ಕೆಲಸ ಮಾಡುತ್ತಿದ್ದರು. "ನಮ್ಮ ಊರಿನ ಕಡೆಯ ಇನ್ನೊಬ್ಬ ಜುವೇಕರ್ ಇದ್ದ, ಸಂಬಂಧ ಇಲ್ಲ, ಆದರೆ ಗಣಪತಿ ಹಬ್ಬಕ್ಕೆ ಒಟ್ಟಿಗೆ ಆಗಬೋಟು ಹತ್ತುತ್ತಿದ್ದೆವು" ಅನ್ನುತ್ತಿದ್ದರು. ನಮ್ಮ ಊರಿನ ಮನೆ ಯಾವುದು ಅಂತ ನಮಗೆ ಯಾರಿಗೂ ಗೊತ್ತಿಲ್ಲ.

ಜೂಗದ ಮೊಮ್ಮಗಳು, ಶಿರಸಿ

ಅಣ್ಣ, ನಿಮ್ಮ ಕನ್ನಡ ಚೆನ್ನಾಗಿಯೇ ಇದೆ. ನಿಮ್ಮ ಅಜ್ಜ ಯಾವ ಚಾಳಿನಲ್ಲಿದ್ದರು, ಅವರ ಹೆಸರೇನು, ನನಗೆ ಖಾಸಗಿಯಾಗಿ ಬರೆಯಿರಿ. ಅವರ ಫೋಟೋ ಒಂದಿದ್ದರೆ ಕಳಿಸಿ. ನಮ್ಮ ಸೋದರತ್ತೆಗೆ ಆ ಚಾಳಿನ ಎಲ್ಲ ಮನೆಗಳೂ ಇನ್ನೂ ನೆನಪಿವೆ. ನಾಳೆ ಸಂಜೆ ಕೋಡಿಬಾಗಕ್ಕೆ ಹೋಗುತ್ತಿದ್ದೇನೆ, ಅಷ್ಟರೊಳಗೆ ಬಂದರೆ ತುಂಬಾ ಒಳ್ಳೆಯದು. ಅತ್ತೆಗೆ ಈಗ ಎಂಬತ್ತೊಂಬತ್ತು.